ಈ ಗಾಡಿ ನಂದಲ್ರಿ

ಯಮನೂರನ ಮನೆಯಲ್ಲಿ ಆ ದಿನದ ರಾದ್ಧಾಂತ ಶುರುವಾದದ್ದು ಶೇಂಗಾ ಹಿಂಡಿಯ ಡಬ್ಬಿಯಿಂದ.

ಭಾನುವಾರದ ಬೆಳಿಗ್ಗೆ. ಬಿಸಿ ರೊಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಯಮನೂರ, ತಾನು ಕೊಳ್ಳಬೇಕೆಂದಿರುವ ಮೋಟರ್ ಸೈಕಲ್ಲು ತಿರುವಿನಲ್ಲಿ ಎಷ್ಟು ವಾಲಿದರೂ ಬೀಳುವುದಿಲ್ಲ ಎಂದು ಹೆಂಡತಿ ಸುರೇಖಾಗೆ ವಿವರಿಸುತ್ತಿದ್ದ. ಬಾಯಿಮಾತು ಸಾಲದೆನಿಸಿ, ಹಿಂಡಿಯ ಡಬ್ಬಿಯನ್ನು ಅಂಚಿನ ಮೇಲೆ ವಾಲಿಸಿ ತೋರಿಸಿದ. ಮೋಟರ್ ಸೈಕಲ್ಲಿನ ಸಂಗತಿ ಹೇಗೋ ಏನೋ, ಡಬ್ಬಿ ಬಿತ್ತು. ಮುಚ್ಚಳ ಹೊಸ್ತಿಲ ತನಕ ಉರುಳಿತು. ಹಿಂದಿನ ದಿನವಷ್ಟೇ ಕುಟ್ಟಿ ತುಂಬಿಟ್ಟಿದ್ದ ಚಟ್ನಿಪುಡಿಯೆಲ್ಲ ನೆಲದ ಪಾಲಾಯಿತು.

ಸುರೇಖಾ ಕೂಗಾಡಲಿಲ್ಲ. ಆಕೆ ಪಾಮನಕಲ್ಲೂರಿನ ಸರ್ಕಾರಿ ಶಾಲೆಯ ಟೀಚರು. ಕೂಗಾಡದೆ ಹೆದರಿಸುವುದನ್ನು ಚೆನ್ನಾಗಿ ಕಲಿತವಳು.

"ಎರಡು ವರ್ಷ ಆತು ನಿಮ್ಮ ಗಾಡಿ ಪುರಾಣ ಶುರು ಆಗಿ," ಎಂದಳು. "ಉಣ್ಣಾಗ ಗಾಡಿ, ಮಲಗಾಗ ಗಾಡಿ. ಇವತ್ತು ದೀಪ ಹಚ್ಚೂ ಹೊತ್ತಿಗೆ ಮನಿ ಮುಂದ ಗಾಡಿ ಬಂದು ನಿಂದ್ರಬೇಕು. ಬರಲಿಲ್ಲಂದ್ರ ನಾಳಿ ಸಾಲಿಗೆ ರಜಾ ಹಾಕಿ ನಾನ ಹೋಗಿ ಒಂದು ಸ್ಕೂಟರ್ ತರ್ತೀನಿ. ಆಮ್ಯಾಲೆ ಈ ಮನ್ಯಾಗ ಮೋಟರ್ ಸೈಕಲ್ ಅನ್ನೂ ಮಾತು ಎತ್ತಬಾರದು."

"ಇವತ್ತ ಅಂದ್ರ ಹ್ಯಾಂಗ ಸುರೇಖಾ? ಇನ್ನಾ ಎರಡು ಗಾಡಿ ಹೋಲಿಸಿ ನೋಡೂದು ಉಳದೈತಿ."

"ಅದಕ್ಕ ಇವತ್ತು ಅಂದೀನಿ," ಎಂದು ಸುರೇಖಾ ಪೊರಕೆ ತಂದು ಅವನ ಕೈಗಿಟ್ಟಳು. ತಾನು ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಪಾಮನಕಲ್ಲೂರಿನ ಬಸ್ಸು ಹಿಡಿಯಲು ಹೊರಟಳು.

ಹೋಲಿಸಿ ನೋಡುವುದು ಯಮನೂರನಿಗೆ ಹವ್ಯಾಸವಲ್ಲ, ಹುಟ್ಟುಗುಣ. ಮಸ್ಕಿಯ ಸರ್ಕಾರಿ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವ ಕೆಲಸ ಅವನದು. ಒಂದಕ್ಕೆ ನಾಲ್ಕು ಸಲ ನೋಡದೆ ಯಾವುದನ್ನೂ ಬರೆದುಕೊಡುವವನಲ್ಲ. ಮನೆಯಲ್ಲೂ ಅದೇ ಚಾಳಿ. ಮಿಕ್ಸರ್ ಕೊಳ್ಳಲು ಹೊರಟಾಗ ಊರಿನ ಎಲ್ಲ ಅಂಗಡಿಗಳ ಮಿಕ್ಸರುಗಳಲ್ಲೂ ಒಂದೇ ಅಳತೆಯ ಹುರಿಗಡಲೆ ಹಾಕಿಸಿ ತಿರುಗಿಸಿ ನೋಡಿದ್ದ. ಫ್ಯಾನು ಆರಿಸುವಷ್ಟರಲ್ಲಿ ಆ ವರ್ಷದ ಬೇಸಿಗೆಯೇ ಮುಗಿದುಹೋಗಿತ್ತು. ಓಣಿಯವರು ಅವನನ್ನು ನೋಡಿ ನಗುತ್ತಿದ್ದರು, ಅವನು ಕೊಂಡು ತಂದ ಮೇಲೆ ಒಳಗೆ ಬಂದು ಮುಟ್ಟಿ ನೋಡಿ ಹೋಗುತ್ತಿದ್ದರು.

ಆದರೆ ಈ ಸಲ ಅವನನ್ನು ತೀರ ಹಳಿಯುವಂತಿರಲಿಲ್ಲ. ಅವನು ಮನಸ್ಸಿಟ್ಟ ಗಾಡಿಗಳು ಸಂತೆಗೆ ಹೋಗಿ ಸೊಪ್ಪು ತರುವಂಥವಲ್ಲ. ಓಟದ ಕುದುರೆಯ ಮೈಕಟ್ಟು, ದೂರದ ದಾರಿಯ ಎತ್ತಿನ ತಾಳ್ಮೆ, ಎರಡನ್ನೂ ಒಂದರಲ್ಲೇ ಕೂಡಿಸಿದ ಗಾಡಿಗಳು. ಮುಂದೆ ಗಾಳಿ ತಡೆಯುವ ಗಾಜು, ಉಬ್ಬಿದ ಟ್ಯಾಂಕು, ಮೈಗೆ ಹಿತವಾಗುವ ಹ್ಯಾಂಡಲ್ಲು. ಬೆಳಿಗ್ಗೆ ಮಸ್ಕಿಯ ಗುಡ್ಡಕ್ಕೆ ಬೆನ್ನು ಮಾಡಿ ಹೊರಟರೆ ಸಂಜೆ ಕಾರವಾರದ ಸಮುದ್ರದಲ್ಲಿ ಕಾಲು ತೊಳೆಯಬಹುದು. ನಲವತ್ತರ ಹತ್ತಿರ ಬಂದ ಮನುಷ್ಯನಿಗೆ, ಅದರಲ್ಲೂ ದಿನವಿಡೀ ಮಂದಿಯ ರಕ್ತ ನೋಡುತ್ತ ಕೂರುವವನಿಗೆ, ಇಂಥ ಆಸೆ ಬಂದರೆ ಅದು ತಪ್ಪಲ್ಲ ಎಂದು ನಾನಂತೂ ಹೇಳುತ್ತೇನೆ.

ಎರಡು ವರ್ಷದ ಜರಡಿಯಲ್ಲಿ ಉಳಿದವು ಎರಡು. ಸಿಂಧನೂರಿನ ಅಂಗಡಿಯ ಕೆಂಪು ಗಾಡಿ, ಲಿಂಗಸುಗೂರಿನ ಅಂಗಡಿಯ ಬೂದು ಗಾಡಿ. ಕಂಪನಿಗಳ ಹೆಸರು ಇಲ್ಲಿ ಬೇಡ. ಒಂದರ ಹೆಸರೆತ್ತಿದರೆ ಇನ್ನೊಂದರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ.

ಬಸ್ಸಿನಲ್ಲಿ ಸಿಂಧನೂರಿಗೆ ಹೋಗುವಾಗಲೇ ಯಮನೂರ ಯೋಚನೆ ಮಾಡಿಟ್ಟುಕೊಂಡ. ಒಂದನ್ನು ಇವತ್ತು ಓಡಿಸಿ, ಇನ್ನೊಂದನ್ನು ಮುಂದಿನ ವಾರ ಓಡಿಸಿದರೆ ಅದು ಹೋಲಿಕೆಯಲ್ಲ, ಬರೀ ನೆನಪು. ಎರಡೂ ಗಾಡಿಗಳನ್ನು ಒಂದೇ ದಿನ, ಒಂದೇ ಬಿಸಿಲಲ್ಲಿ, ಪಕ್ಕಪಕ್ಕ ನಿಲ್ಲಿಸಿಕೊಂಡು ನೋಡಬೇಕು. ಕೆಂಪು ಗಾಡಿಯನ್ನು ಓಡಿಸಿಕೊಂಡೇ ಲಿಂಗಸುಗೂರಿಗೆ ಹೋಗಿ ಬೂದು ಗಾಡಿಯ ಪಕ್ಕ ನಿಲ್ಲಿಸಿದರೆ ಆಯಿತು.

ಸಿಂಧನೂರಿನ ಅಂಗಡಿಯಲ್ಲಿ ಗಾಡಿ ಮಾರುವ ನಗ್ಮಾ ಅವನನ್ನು ಕಂಡು ನಕ್ಕಳು. ಆ ನಗೆಯಲ್ಲಿ ಸ್ವಲ್ಪ ಸುಸ್ತೂ ಇತ್ತು. ಯಮನೂರ ಅಲ್ಲಿಗೆ ಗಾಡಿ ನೋಡಲು ಬರುತ್ತಿದ್ದುದು ಇದೇ ಮೊದಲಲ್ಲ.

"ಬರ್ರಿ ಸರ. ಇವತ್ತರ ತಗೊಳ್ಳಾಕ ಬಂದೀರೋ, ಮತ್ತ ನೋಡಾಕೋ?"

"ನೋಡಿ ತಗೊಳ್ಳಾಕ."

"ಹೋದ ಸಲಾನೂ ಹಂಗ ಅಂದಿದ್ರಿ."

ಯಮನೂರ ತನ್ನ ಯೋಚನೆ ಹೇಳಿದ. ಸಾಮಾನ್ಯವಾಗಿ ಕಾಲುವೆಯ ತನಕ ಹೋಗಿ ಬರಲು ಮಾತ್ರ ಗಾಡಿ ಕೊಡುತ್ತಿದ್ದರು. ಆದರೆ ಈ ಮನುಷ್ಯನನ್ನು ಇವತ್ತು ಹೀಗೇ ಕಳಿಸಿದರೆ ಮುಂದಿನ ವಾರವೂ ಬರುತ್ತಾನೆಂಬುದು ನಗ್ಮಾಳಿಗೆ ಖಾತ್ರಿಯಿತ್ತು.

"ಒಂದ್ ಕೆಲಸ ಮಾಡ್ರಿ ಸರ. ಸಂಜಿತನಕ ಒಯ್ರಿ. ಆಧಾರ್ ಕಾರ್ಡ್ ಇಲ್ಲಿಡ್ರಿ. ಇದು ಮಾರೂ ಗಾಡಿ ಅಲ್ಲ, ಮಂದಿ ಓಡಿಸಿ ನೋಡಾಕಂತ ಇಟ್ಟಿದ್ದು. ಒಂದು ಗೀರು ಬೀಳಬಾರದು. ಮತ್ತ ಇನ್ನೊಂದು ಮಾತು, ಮಾರೂ ಗಾಡಿ ಎರಡ ಉಳದಾವ. ಮುಂದಿನ ಲೋಡು ಯಾವಾಗ ಬರ್ತೈತೋ ನಂಗೂ ಗೊತ್ತಿಲ್ಲ."

ಎರಡೇ ಉಳಿದಿವೆ ಎಂದು ಹೇಳದ ಅಂಗಡಿಯವರನ್ನು ಯಮನೂರ ಈವರೆಗೆ ಕಂಡಿರಲಿಲ್ಲ. ನಕ್ಕು ಹೆಲ್ಮೆಟ್ ಹಾಕಿಕೊಂಡ. ಗಾಡಿಯ ಟ್ಯಾಂಕಿನ ಮೇಲೆ 'ಟೆಸ್ಟ್ ರೈಡ್' ಎಂದು ದಪ್ಪಕ್ಷರದ ಚೀಟಿ ಅಂಟಿಸಿತ್ತು.

ಊರು ದಾಟಿ ಮಸ್ಕಿಯ ರಸ್ತೆಗೆ ಬಿದ್ದ ಮೇಲೆ ಯಮನೂರನಿಗೆ ಹೋಲಿಕೆ, ತಪಾಸಣೆ ಎಲ್ಲ ಮರೆತುಹೋಯಿತು. ಎರಡೂ ಕಡೆ ಭತ್ತದ ಗದ್ದೆ, ನಡುವೆ ಕಪ್ಪು ರಸ್ತೆ, ಅದರ ಮೇಲೆ ಕೆಂಪು ಗಾಡಿ. ಗೇರು ಬದಲಿಸಲು ಕ್ಲಚ್ಚು ಹಿಡಿಯುವ ಕೆಲಸವೇ ಇಲ್ಲ. ಕಾಲಿನ ತುದಿಯಿಂದ ತಟ್ಟಿದರೆ ಸಾಕು, ಮಾತು ಕೇಳುವ ಮಗುವಿನ ಹಾಗೆ ಮುಂದಿನ ಗೇರಿಗೆ ಹೋಗುತ್ತಿತ್ತು. ತಿರುವಿನಲ್ಲಿ ಮೈ ಸ್ವಲ್ಪ ವಾಲಿಸಿದರೆ ಗಾಡಿ ತಾನೇ ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಗುಂಡಿ ಬಂದದ್ದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಬೆನ್ನಿಗೆ ತಿಳಿಯುತ್ತಿರಲಿಲ್ಲ. ಈ ಕತೆ ಹೇಳುವ ನನಗೂ ಒಮ್ಮೆ ಆ ಗಾಡಿಯನ್ನು ಓಡಿಸುವ ಭಾಗ್ಯ ಸಿಕ್ಕಿತ್ತು, ಆದ್ದರಿಂದ ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಯಮನೂರ ಹೆಲ್ಮೆಟ್ಟಿನ ಒಳಗೇ ಒಬ್ಬನೇ ನಗುತ್ತಿದ್ದ.

ಮಸ್ಕಿಯಲ್ಲಿ ನಿಲ್ಲಿಸದೆ ನೇರ ಲಿಂಗಸುಗೂರಿಗೆ ಹೋಗಬೇಕೆಂಬುದು ಅವನ ಲೆಕ್ಕ. ಆದರೆ ಇಂಥ ಗಾಡಿ ಕಾಲ ಕೆಳಗಿರುವಾಗ ಸ್ವಂತ ಓಣಿಯಲ್ಲಿ ಒಂದು ಸುತ್ತು ಹಾಕದೆ ಹೋಗುವಷ್ಟು ವೈರಾಗ್ಯ ಯಾರಿಗಿದೆ? ಒಂದೇ ಸುತ್ತು ಎಂದುಕೊಂಡು ಓಣಿಗೆ ತಿರುಗಿಸಿದ. ಅಲ್ಲೇ ಕೆಟ್ಟಿತು.

ಎದುರುಮನೆಯ ಸೂಗಮ್ಮ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ರಕ್ತಸಂಬಂಧವಿಲ್ಲದಿದ್ದರೂ ಓಣಿಗೆಲ್ಲ ಅತ್ತೆ ಆಕೆ. ಗಾಡಿ ನೋಡಿದವಳೇ ಮೊರ ಬದಿಗಿಟ್ಟು ನಡುರಸ್ತೆಗೆ ಬಂದು ನಿಂತಳು.

"ಬಂತೇನಪ ಮಹಾಲಕ್ಷ್ಮಿ? ನಿಂದ್ರು, ಇಳೀಬ್ಯಾಡ. ಹಂಗ ಒಳಗ ತರಬಾರದು."

"ಅತ್ತಿ, ಇದು ನಂದಲ್ಲ. ಓಡಿಸಿ ನೋಡಾಕ ತಂದೀನಿ. ಸಂಜಿಗೆ ವಾಪಸ್ ಕೊಡಬೇಕು."

ಸೂಗಮ್ಮನ ಮುಖದಲ್ಲಿ ಮೆಚ್ಚುಗೆ ಮೂಡಿತು. "ಹಂಗ ಅನಬೇಕು ಮಗನ. ನಾಕು ಮಂದಿ ಕಣ್ಣು ಬೀಳಬಾರದಂದ್ರ ಹಂಗ ಅನಬೇಕು. ನನ್ನ ಎಮ್ಮಿ ನೋಡು, ಮೂರು ವರ್ಷದಿಂದ ನಮ್ಮಣ್ಣಂದು ಅಂತ ಹೇಳ್ಕೊಂತ ಬಂದೀನಿ. ಒಂದು ದಿನಾ ಹಾಲು ಕಡಿಮಿ ಆಗಿಲ್ಲ."

"ಅತ್ತಿ, ಖರೇನ ನಂದಲ್ಲ."

"ಸಾಕು ಬಿಡು, ಗೊತ್ತಾತು. ಅಷ್ಟು ಜೋರಾಗಿ ಅನಬ್ಯಾಡ, ಸಂಶೆ ಬರ್ತೈತಿ," ಎಂದು ಸೂಗಮ್ಮ ಒಳಗೆ ಹೋದಳು.

ಹೊರಗೆ ಬಂದಾಗ ಆಕೆಯ ಕೈಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮದ ಭರಣಿ ಇದ್ದವು. ದೇವರಿಗೆಂದು ತಂದಿಟ್ಟಿದ್ದ ಚೆಂಡುಹೂವಿನ ಹಾರವೂ ಇತ್ತು. ಸೂಗಮ್ಮನಿಗೆ ಓದು ಬಾರದು. ಓದು ಬಲ್ಲವರು ಮನೆಗಳಿಂದ ಹೊರಗೆ ಬರುವಷ್ಟರಲ್ಲಿ ಹಾರ ಗಾಡಿಯ ಕೊರಳಿಗೆ ಬಿದ್ದು, ಟ್ಯಾಂಕಿನ ಮೇಲಿನ ಚೀಟಿ ಪೂರ್ತಿ ಮುಚ್ಚಿಹೋಗಿತ್ತು. ಯಮನೂರ ಹಾರ ಸರಿಸಿ ಚೀಟಿ ತೋರಿಸಲು ಹೋದ. ಸೂಗಮ್ಮ ಅವನ ಕೈಮೇಲೆ ಚಟ್ಟನೆ ಹೊಡೆದಳು. ಹಾಕಿದ ಹಾರ ಸಂಜೆಯ ತನಕ ತೆಗೆಯಬಾರದಂತೆ.

ಆಮೇಲೆ ಎಲ್ಲ ಶಾಸ್ತ್ರವೂ ಆಯಿತು. ದೀಪದ ಗಾಜಿಗೆ ಕುಂಕುಮ, ಮುಂದಿನ ಗಾಜಿಗೆ ಅರಿಶಿಣದ ಬೊಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು. ಕಾಯಿ ಒಡೆದಾಗ ಚಿಪ್ಪಿನ ಚೂರೊಂದು ಟ್ಯಾಂಕಿನ ಪಕ್ಕ ಹಾದುಹೋಯಿತು. ಯಮನೂರನ ಜೀವ ಬಾಯಿಗೆ ಬಂತು. ನಗ್ಮಾ ಹೇಳಿದ ಗೀರಿನ ಮಾತು ನೆನಪಾಗಿ ತನ್ನ ಅಂಗಿಯ ತುದಿಯಿಂದಲೇ ಒರೆಸಿದ. ಅದನ್ನು ನೋಡಿ ಓಣಿಯ ಹೆಂಗಸರು, ತನ್ನದಲ್ಲದ ಗಾಡಿಯನ್ನು ಯಾರಾದರೂ ಹೀಗೆ ಒರೆಸುತ್ತಾರೆಯೇ ಎಂದು ತಮ್ಮತಮ್ಮಲ್ಲೇ ನಕ್ಕರು. ಸೂಗಮ್ಮ ಅಂಗಡಿಯಿಂದ ಪೇಡೆ ತರಿಸಿ ಹಂಚಿಯೂ ಬಿಟ್ಟಳು.

ಆಗ ಬಂದವನು ಗೋಪಣ್ಣ. ಓಣಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು, ಯಮನೂರನಿಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು, ನಾಲಿಗೆಯ ಮೇಲೆ ಸದಾ ತಕರಾರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಇದೇನೋ ಯಮನೂರ, ಮುಂದ ಮೂಗು ಹಿಂದ ಬಾಲ. ನೋಡಾಕ ಛಲೋ ಐತಿ ಬಿಡು. ಆದ್ರ ನಮ್ಮಂಥವರ ಬೆನ್ನು ಮುರಿಯಾಕನ ಮಾಡಿದಂಗೈತಿ."

ಯಮನೂರ ಇಲ್ಲಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನಿಗೆ ಮೈ ಉರಿಯಿತು. ತನ್ನನ್ನು ಏನಂದರೂ ತಡೆದುಕೊಳ್ಳುವವನು, ಆ ಗಾಡಿಯನ್ನು ಅಂದರೆ ತಡೆದುಕೊಳ್ಳಲಾರದವನಾಗಿದ್ದ.

"ಬೆನ್ನು ಮುರಿಯೂದು ನಿಮ್ಮ ಹಳೇ ಗಾಡಿ ಗೋಪಣ್ಣ. ಇದರ ಮ್ಯಾಲೆ ಕುಂತ್ರ ಬೆನ್ನು ಇದ್ದಿದ್ದ ನೆಪ್ಪಿರಂಗಿಲ್ಲ. ನೋಡ್ರಿ ಇಲ್ಲಿ, ಹ್ಯಾಂಡಲ್ ಎಷ್ಟು ಎತ್ತರ ಐತಿ. ಬಗ್ಗೂ ಹಂಗಿಲ್ಲ. ಸಿಂಧನೂರಿಂದ ಬಂದೀನಿ, ಮನ್ಯಾಗ ಖುರ್ಚಿ ಮ್ಯಾಲೆ ಕುಂತಂಗಾತು. ಗುಂಡಿ ಬಂದ್ರ ಗಾಡಿ ನುಂಗತೈತಿ, ನಿಮಗ ಗೊತ್ತಾಗೂದಿಲ್ಲ. ಬ್ರೇಕ್ ಹೊಡದ್ರ ಮಳಿಯಾಗ ಸೈತ ಜಾರೂದಿಲ್ಲ."

ಹೀಗೆ ಶುರುವಾದ ಮಾತು ಇಂಜಿನ್ನಿಗೆ ಹೋಯಿತು, ಅಲ್ಲಿಂದ ಚಕ್ರಕ್ಕೆ ಬಂತು, ಚಕ್ರದಿಂದ ಕಾರವಾರದ ಸಮುದ್ರಕ್ಕೆ ಹೋಯಿತು. ಎರಡು ವರ್ಷ ಓದಿದ್ದು, ನೋಡಿದ್ದು, ಕೇಳಿದ್ದು ಎಲ್ಲವೂ ಒಂದೇ ಉಸಿರಿನಲ್ಲಿ ಹೊರಗೆ ಬಂತು. ಓಣಿಯ ಮಂದಿ ಬಾಯಿ ತೆರೆದು ಕೇಳಿದರು. ಅಷ್ಟು ಚೆನ್ನಾಗಿ ಅವನು ತನ್ನ ಮದುವೆಯಲ್ಲೂ ಮಾತಾಡಿರಲಿಲ್ಲ. ಗೋಪಣ್ಣ ಕೊನೆಗೆ "ಹೂಂ" ಎಂದಷ್ಟೇ ಹೇಳಿ, ನಡುವಿನ ಮೇಲೆ ಕೈ ಇಟ್ಟುಕೊಂಡು ಗಿರಣಿಯ ಕಡೆಗೆ ಹೋದ.

ಮಸ್ಕಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಯಮನೂರ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಗೀರು ಬಿದ್ದಿದೆಯೇ ಎಂದು ಪರೀಕ್ಷೆ ಮಾಡಿದ. ಬಿದ್ದಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ದವಾಖಾನೆಯಲ್ಲಿ ಔಷಧಿ ಕೊಡುವ ಮಸ್ತಾನಸಾಬನದು.

"ಏನ್ ಭಾಯ್, ಗಾಡಿ ತಗೊಂಡು ಪೇಡೆ ಹಂಚಿದ್ಯಂತ? ನಮಗ ಖಬರ್ ಸೈತ ಇಲ್ಲ."

"ಮಸ್ತಾನಣ್ಣ, ಇನ್ನಾ ತಗೊಂಡಿಲ್ಲೋ. ಅದು ನಂದಲ್ಲ."

"ನನ್ನ ಮುಂದೂ ಹಂಗ ಅಂತೀ? ಇರ್ಲಿ ಬಿಡು. ಮೊನ್ನಿತನಕ ಬೂದು ಛಲೋ ಅಂತಿದ್ದಿ. ಕೆಂಪು ಬರೀ ತೋರಿಕಿ ಇರಬೇಕು ಅಂತ ನಾ ಅನಕೊಂಡಿದ್ದೆ."

ಮತ್ತೆ ಅದೇ ಆಯಿತು. "ತೋರಿಕಿ ಅಲ್ಲೋ ಮಾರಾಯ," ಎಂದು ಯಮನೂರ ಶುರು ಹಚ್ಚಿಕೊಂಡ. ಮಸ್ತಾನಸಾಬನ ಮಗಳನ್ನು ಮುದಗಲ್ಲಿಗೆ ಕೊಟ್ಟಿತ್ತು. ವಾರಕ್ಕೊಮ್ಮೆ ಮೊಮ್ಮಗುವನ್ನು ನೋಡಲು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ. "ಈ ಗಾಡಿ ಮ್ಯಾಲೆ ಕುಂತ್ರ ಮುದಗಲ್ ಬಾಜೂ ಓಣಿ ಆಗ್ತೈತಿ. ಇಲ್ಲಿ ಚಾ ಕುಡದು ಹೊಂಟ್ರ ಅಲ್ಲಿ ನಾಷ್ಟಾ ಬಿಸಿ ಇರ್ತೈತಿ," ಎಂದು ಯಮನೂರ ಖಾತ್ರಿಪಡಿಸಿದ. ಮಸ್ತಾನಸಾಬ ಅಂಗಡಿ ಭಾನುವಾರ ತೆರೆದಿರುತ್ತದೆಯೇ ಎಂದು ಕೇಳಿ ಫೋನಿಟ್ಟ. ಅದಾದ ಮೇಲೆ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಮಸ್ಕಿಯಿಂದ ಇನ್ನೂ ಹಲವು ಫೋನು ಬಂದವು. ಎಲ್ಲರಿಗೂ ಮೊದಲು ಗಾಡಿ ತನ್ನದಲ್ಲ ಎಂದು ಹೇಳಿ, ಆಮೇಲೆ ಅದರ ಗುಣಗಾನ ಮಾಡಿದ.

ಲಿಂಗಸುಗೂರಿನ ಅಂಗಡಿಯ ಮುಂದೆ ಕೆಂಪು ಗಾಡಿ ನಿಂತಾಗ ಅಲ್ಲಿನ ಮಾರಾಟದವನು ಹೊರಗೆ ಬಂದು, ಹಾರ ನೋಡಿದ, ಕುಂಕುಮ ನೋಡಿದ, ಟೈರಿಗೆ ಅಂಟಿದ ನಿಂಬೆಯ ಬೀಜವನ್ನೂ ನೋಡಿದ.

"ಶುಭ ಆಗ್ಲಿ ಸರ. ಮತ್ತ ಇಲ್ಲಿಗ್ಯಾಕ ಬಂದ್ರಿ?"

"ನಿಮ್ಮ ಬೂದು ಗಾಡಿ ಓಡಿಸಿ ನೋಡಬೇಕಿತ್ತು."

"ತಾಳಿ ಕಟ್ಟಿ ಸೀದಾ ಇನ್ನೊಂದು ಹೆಣ್ಣು ನೋಡಾಕ ಬಂದಂಗಾತಲ್ರಿ ಸರ," ಎಂದು ಮಾರಾಟದವನು ನೊಂದುಕೊಂಡ.

"ಈ ಗಾಡಿ ನಂದಲ್ರಿ," ಎಂದು ಯಮನೂರ ಅಂದು ಎಷ್ಟನೆಯದೋ ಬಾರಿ ಹೇಳಿದ. ಊರು ಬಿಟ್ಟು ಬಂದ ಮೇಲೆ ಶಾಸ್ತ್ರ ಮೀರಿದರೂ ಚಿಂತೆಯಿಲ್ಲವೆಂದು ಹಾರ ಎತ್ತಿ ಚೀಟಿ ತೋರಿಸಿದ. ಮಾರಾಟದವನು ಚೀಟಿ ಓದಿ, ಹಾರ ನೋಡಿ, ಮತ್ತೆ ಚೀಟಿ ಓದಿದ. ಅಂಗಡಿಯ ಗಾಡಿಗೆ ಪೂಜೆ ಮಾಡಿಸಿಕೊಂಡು ಬರುವ ಗಿರಾಕಿಯನ್ನು ಕೆಣಕುವುದು ಬೇಡವೆನಿಸಿರಬೇಕು, ಬೂದು ಗಾಡಿಯ ಕೀಲಿ ತಂದುಕೊಟ್ಟು ತಾನೂ ಹಿಂದೆ ಕೂತ.

ಗುರುಗುಂಟಾ ರಸ್ತೆಯಲ್ಲಿ ಬೂದು ಗಾಡಿ ಓಡಿತು. ಅದೂ ಎಂಥ ಗಾಡಿ! ಕೆಂಪು ಗಾಡಿಗೆ ಚುರುಕು ಹೆಚ್ಚಾದರೆ ಇದಕ್ಕೆ ಗಾಂಭೀರ್ಯ ಹೆಚ್ಚು. ಅಡ್ಡಗಾಳಿಗೆ ಅಲುಗಲಿಲ್ಲ. ಬಿಸಿಲಿಗೆ ಕಾದ ಬಂಡೆಗಳ ನಡುವಿನ ದಾರಿಯಲ್ಲಿ ಒಂದೇ ಸಮನೆ ಗುನುಗುತ್ತ ಹೋಯಿತು. ಸೀಟಂತೂ ಹೊಸ ಗಾದಿಯ ಹಾಗಿತ್ತು. ಯಮನೂರನ ಎದೆಯಲ್ಲಿ ಹಳೆಯ ರೋಗ ಮತ್ತೆ ಎದ್ದಿತು. ತಿರುವಿಗೆ ಕೆಂಪು, ನೇರ ದಾರಿಗೆ ಬೂದು. ಹತ್ತಿರಕ್ಕೆ ಕೆಂಪು, ದೂರಕ್ಕೆ ಬೂದು. ವಾಪಸ್ ಬಂದು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಅದರ ಮೇಲೊಮ್ಮೆ ಕೂತು, ಇದರ ಮೇಲೊಮ್ಮೆ ಕೂತು, ಮಧ್ಯಾಹ್ನದ ಊಟವನ್ನೂ ಬಿಟ್ಟ. ಮಾರಾಟದವನು ಉಂಡು ಬಂದ. ಯಮನೂರ ಇನ್ನೂ ಕೂತು ಏಳುತ್ತಲೇ ಇದ್ದ. ಬಿಸಿಲು ಇಳಿಯತೊಡಗಿತ್ತು.

ಆಗ ಸುರೇಖಾಳ ಫೋನು ಬಂತು. ಯಮನೂರ ಹೆದರಿಕೊಂಡೇ ಎತ್ತಿದ.

"ನಾ ಊರಿಂದ ಬಂದೆ. ಸೂಗಮ್ಮತ್ತಿ ಪೇಡೆ ಕೊಟ್ಲು," ಎಂದಳು ಸುರೇಖಾ. ದನಿ ಬೆಳಗಿನ ದನಿಯಲ್ಲ. "ನೀವು ಎಲ್ಲರ ಮುಂದ ನಂದಲ್ಲ ಅಂದೀರಂತ. ಅಂದ್ರ ಅನ್ರಿ. ನನ್ನ ಮುಂದ ಏನೂ ಹೇಳಬ್ಯಾಡ್ರಿ. ಬಣ್ಣ ಕೆಂಪಂತಲ್ಲ, ಛಲೋ ಆತು. ನಾ ಕೆಂಪನ ತರಬೇಕು ಅನಕೊಂಡಿದ್ದೆ."

"ನೀ ಅನಕೊಂಡಿದ್ದಿ?"

"ಮತ್ತೇನು? ಎರಡು ವರ್ಷ ಕೇಳಿ ಕೇಳಿ ನನಗೂ ಆಸೆ ಹುಟ್ಟೇತಿ. ಮನಿ ಮುಂದ ರಂಗೋಲಿ ಹಾಕೀನಿ. ಆರತಿ ಮಾಡೇ ಒಳಗ ಕರಕೊಳ್ಳೂದು. ಕಾರವಾರಕ್ಕ ಯಾವಾಗ ಹೋಗೂದು ಅಂತ ರಾತ್ರಿ ಮಾತಾಡೂಣು."

ಎರಡು ವರ್ಷದಲ್ಲಿ ಅವಳು ಗಾಡಿಯ ಬಣ್ಣದ ಬಗ್ಗೆ ಮಾತಾಡಿದ್ದು ಇದೇ ಮೊದಲು. ಜಗತ್ತಿನ ಯಾವ ಹೋಲಿಕೆಯೂ ಮಾಡಲಾರದ ಕೆಲಸವನ್ನು ಆ ಮಾತು ಮಾಡಿತು.

"ದೀಪ ಹಚ್ಚೂದ್ರಾಗ ಕೆಂಪು ಗಾಡಿ ಮನಿ ಮುಂದ ಇರ್ತೈತಿ," ಎಂದು ಫೋನಿಟ್ಟ. ಬೂದು ಗಾಡಿಯ ಟ್ಯಾಂಕನ್ನು ಒಮ್ಮೆ ಸವರಿದ. ಮಾರಾಟದವನಿಗೆ ಕೈಮುಗಿದು, ಕೆಂಪು ಗಾಡಿ ಹತ್ತಿ ಹೊರಟ. ಹುಟ್ಟಿದ ಮೇಲೆ ಮೊದಲ ಸಲ ಯಮನೂರ ಹೋಲಿಕೆ ಮುಗಿಸದೆ ಒಂದು ವಸ್ತುವನ್ನು ನಿಶ್ಚಯ ಮಾಡಿದ್ದ. ಮೈ ಹಗುರಾಗಿತ್ತು, ಗಾಡಿ ಹಾರುತ್ತಿತ್ತು. ಮಸ್ಕಿಯಲ್ಲಿ ಓಣಿಯ ಕಡೆಗೆ ತಿರುಗಿಯೂ ನೋಡದೆ ದಾಟಿದ. ಸಿಂಧನೂರು ಮುಟ್ಟಿದಾಗ ಇನ್ನೂ ಹೊತ್ತಿತ್ತು.

ನಗ್ಮಾ ಬಾಗಿಲಿಗೇ ಬಂದು ಬರಮಾಡಿಕೊಂಡಳು.

"ಬರ್ರಿ ಸರ, ಕುಂದರ್ರಿ. ಮೊದಲು ಚಾ ಕುಡೀರಿ. ನಿಮಗ ಹ್ಯಾಂಗ ಥ್ಯಾಂಕ್ಸ್ ಹೇಳ್ಲಿ ಅಂತ ಗೊತ್ತಾಗವಲ್ದು."

"ಚಾ ಆಮ್ಯಾಲೆ. ನಿಶ್ಚಯ ಆಗೇತಿ ನಗ್ಮಾ. ಕೆಂಪು ಗಾಡಿ ತಗೊಂತೀನಿ. ಈಗಲ ಒಯ್ಯಬೇಕು."

ನಗ್ಮಾಳ ನಗು ಅಲ್ಲೇ ನಿಂತಿತು. "ಸರ, ಗಾಡಿ ಎಲ್ಲಿ ಅದಾವ? ಎರಡೂ ನೀವ ಮಾರಿಸಿಬಿಟ್ರಲ್ಲ."

"ನಾ ಮಾರಿಸಿದ್ನಾ?"

"ಮತ್ತ್ಯಾರು ಸರ? ಮುಂಜಾನಿಂದ ಮಸ್ಕಿಯವರ ಫೋನ ಫೋನು. ಮಸ್ತಾನಸಾಬ ಅಂತ ಒಬ್ರು ಮಧ್ಯಾಹ್ನ ಬಂದು ಒಂದು ಒಯ್ದ್ರು, ಸೀದಾ ಮುದಗಲ್ಲಿಗೆ ಹೋಗ್ತೀನಿ ಅಂದ್ರು. ಇನ್ನೊಂದು ಅಲ್ಲಿ ಹೊಂಟು ನಿಂತೈತಿ ನೋಡ್ರಿ."

ಅಂಗಡಿಯ ಪಕ್ಕದ ಬಯಲಿನಲ್ಲಿ ಕೊನೆಯ ಕೆಂಪು ಗಾಡಿ ಹಾರ ಹಾಕಿಕೊಂಡು ನಿಂತಿತ್ತು. ಅದರ ಮೇಲೆ ಮೈ ನೆಟ್ಟಗೆ ಮಾಡಿಕೊಂಡು ಕೂತಿದ್ದವನು ಗೋಪಣ್ಣ. ಹುಬ್ಬಿನ ಹಿಟ್ಟು ತೊಳೆದುಕೊಂಡಿದ್ದರಿಂದ ಯಮನೂರನಿಗೆ ಒಮ್ಮೆಗೇ ಗುರುತು ಹತ್ತಲಿಲ್ಲ.

"ಬಂದ್ಯಾ?" ಎಂದ ಗೋಪಣ್ಣ. "ನೀ ಹೇಳಿದ್ದು ಖರೇ ಐತಿ ನೋಡು. ಬೆನ್ನು ಇದ್ದಿದ್ದ ನೆಪ್ಪಾಗವಲ್ದು."

"ಓಡಿಸಿ ನೋಡಿದ್ರೇನು ಗೋಪಣ್ಣ?"

"ನಾ ಯಾಕ ನೋಡ್ಲಿ? ಎರಡು ವರ್ಷ ನೋಡಿ ತಗೊಂಡವ ನೀ ಇದ್ದೀಯಲ್ಲ. ನೀ ಒಂದು ವಸ್ತು ತಗೊಂಡಿ ಅಂದಮ್ಯಾಲೆ ಓಣ್ಯಾಗ ಯಾರರ ಮತ್ತ ಪರೀಕ್ಷಾ ಮಾಡ್ತಾರೇನು? ಮಿಕ್ಸರ್ ಹಂಗ ತಂದ್ವಿ, ಫ್ಯಾನ್ ಹಂಗ ತಂದ್ವಿ."

"ಗೋಪಣ್ಣ, ನಾ ತಗೊಂಡಿದ್ದಿಲ್ಲ. ನಂದಲ್ಲ, ನಂದಲ್ಲ ಅಂತ ಮುಂಜಾನಿಂದ ಬಡಕೊಳ್ಳಾಕತ್ತೀನಲ್ಲ. ನೋಡ್ರಿ ಬೇಕಾದ್ರ."

ಬಾಡಿದ ಹಾರವನ್ನು ಯಮನೂರ ಎತ್ತಿ ಹಿಡಿದ. ಗೋಪಣ್ಣ ಇಳಿದು ಬಂದು, ಕಣ್ಣು ಕಿರಿದು ಮಾಡಿ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಅವನ ಮುಖ ಪೆಚ್ಚಾಯಿತು. ಇಡೀ ದಿನದಲ್ಲಿ ಮಸ್ಕಿಯವನೊಬ್ಬ ಯಮನೂರನ ಮಾತನ್ನು ನಂಬಿದ್ದು ಅದೇ ಮೊದಲು.

ಯಮನೂರ ಆ ಗಾಡಿ ತನಗೆ ಬಿಟ್ಟುಕೊಡುವಂತೆ ಅಂಗಲಾಚಿದ. ಸುರೇಖಾ ರಂಗೋಲಿ ಹಾಕಿ ಕಾಯುತ್ತಿದ್ದಾಳೆ ಎಂದ. ಗೋಪಣ್ಣನಿಗೆ ನಿಜಕ್ಕೂ ಸಂಕಟವಾಯಿತು. ಆದರೂ ತಲೆಯಾಡಿಸಿದ.

"ನಿಂಬಿಹಣ್ಣು ತುಳಿಸಿಬಿಟ್ಟೀನಲ್ಲೋ. ಪೂಜಿ ಆದ ಗಾಡಿ ಅವತ್ತ ಮಂದಿ ಕೈಗೆ ಕೊಟ್ರ ತಗೊಂಡವರಿಗೆ ಒಳ್ಳೇದಾಗಂಗಿಲ್ಲ. ನಿನ್ನ ಸಲುವಾಗಿ ಅನ್ನಾಕತ್ತೀನಪ."

ಹಾಗಾದರೆ ಚೀಟಿ ಅಂಟಿಸಿದ ಗಾಡಿಯನ್ನಾದರೂ ಕೊಡಿ ಎಂದು ಯಮನೂರ ನಗ್ಮಾಳನ್ನು ಕೇಳಿದ. ಅದನ್ನು ಓಡಿಸಿ ನೋಡಲು ನಾಳೆ ಮಸ್ಕಿಯಿಂದ ಇನ್ನಷ್ಟು ಜನ ಬರುವವರಿದ್ದರು. ಕೊಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ ಎಂದಳು. ಲಿಂಗಸುಗೂರಿನ ಬೂದು ಗಾಡಿಯ ಮಾತೆತ್ತಲು ಹೊತ್ತು ಉಳಿದಿರಲಿಲ್ಲ. ನಗ್ಮಾ ಆಧಾರ್ ಕಾರ್ಡು ವಾಪಸ್ ಕೊಟ್ಟು, ಗಾಡಿಗೆ ಒಂದೂ ಗೀರು ಬೀಳದಂತೆ ನೋಡಿಕೊಂಡದ್ದಕ್ಕೆ ಹೊಗಳಿದಳು.

"ಬಸ್ಸು ಯಾಕ ಕಾಯ್ತೀ? ಬಾ, ಹತ್ತು," ಎಂದ ಗೋಪಣ್ಣ.

ಗೋಪಣ್ಣ ಗಾಡಿಯನ್ನು ಚೆನ್ನಾಗಿಯೇ ಓಡಿಸಿದ. "ಏನ್ ಗಾಡಿ ಐತೋ ಯಪ್ಪಾ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ಅದು ಸುಳ್ಳಲ್ಲವಾದ್ದರಿಂದ ಹಿಂದೆ ಕೂತ ಯಮನೂರ ಪ್ರತಿ ಸಲವೂ ಹೌದೆನ್ನುತ್ತಿದ್ದ. ಎದುರಿಗೆ ಮಸ್ಕಿಯ ಗುಡ್ಡದ ಹಿಂದೆ ಸೂರ್ಯ ಇಳಿಯುತ್ತಿದ್ದ. ಗುಂಡಿ ಬಂದಾಗ ಹಿಂದಿನ ಸೀಟಿನಲ್ಲಿ ಮಾತ್ರ ಅದು ಬೆನ್ನಿಗೆ ತಿಳಿಯುತ್ತಿತ್ತು.

ಓಣಿಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಯಮನೂರನ ಮನೆಯ ಮುಂದೆ ದೊಡ್ಡ ರಂಗೋಲಿ. ಹಬ್ಬದ ಸೀರೆಯುಟ್ಟ ಸುರೇಖಾ ಆರತಿ ತಟ್ಟೆ ಹಿಡಿದು ನಿಂತಿದ್ದಳು, ಹಿಂದೆ ಅರ್ಧ ಓಣಿ ನೆರೆದಿತ್ತು. ಕೆಂಪು ಗಾಡಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ರಂಗೋಲಿಯ ಮುಂದೆ ನಿಂತಿತು.

"ನೋಡ್ರೆ ನಮ್ಮ ಯಮನೂರನ ಶಾಣ್ಯಾತನ," ಎಂದಳು ಸೂಗಮ್ಮ. "ಕಣ್ಣು ಬೀಳಬಾರದಂತ ಗೋಪಣ್ಣನ ಕಡಿಂದ ನಡಸಿಕೊಂಡು ಬಂದಾನ."

"ಗಾಡಿ ನಂದು ಸೂಗಮ್ಮ," ಎಂದ ಗೋಪಣ್ಣ.

"ನೀ ಹಂಗ ಅನ್ನು ಅಂತ ಅವನ ಹೇಳಿಕೊಟ್ಟಾನ, ಗೊತ್ತೈತಿ ಬಿಡು."

ಸುರೇಖಾ ಮಾತ್ರ ಗಂಡನ ಮುಖ ನೋಡಿದಳು. ಅವನು ಹೇಳುವ ಅಗತ್ಯವೇ ಬೀಳಲಿಲ್ಲ. ಅವಳ ಕಣ್ಣಿನಲ್ಲಿದ್ದ ಬೆಳಕು ಮೆಲ್ಲಗೆ ಇಳಿಯುವುದನ್ನು ನೋಡಿ ಯಮನೂರನಿಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಆದರೂ ಹಚ್ಚಿದ ಆರತಿಯನ್ನು ಹಿಂದೆ ಒಯ್ಯುವ ಹೆಣ್ಣಲ್ಲ ಅವಳು. ಮುಂದೆ ಬಂದು ಗಾಡಿಗೂ ಗೋಪಣ್ಣನಿಗೂ ಆರತಿ ಮಾಡಿ, ಕುಂಕುಮ ಹಚ್ಚಿ, ಒಳ್ಳೆಯದಾಗಲಿ ಎಂದಳು. ಗಾಡಿ ಹೊರಟು ಗಿರಣಿಯ ಮುಂದೆ ಹೋಗಿ ನಿಂತಿತು.

ಯಮನೂರ ಹೆಲ್ಮೆಟ್ ಕೈಯಲ್ಲಿ ಹಿಡಿದು ರಂಗೋಲಿಯ ಆಚೆಗೇ ನಿಂತಿದ್ದ. ಸುರೇಖಾ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದಳು.

"ನಾಳಿ ಹತ್ತು ಗಂಟೆಕ್ಕ ಸ್ಕೂಟರ್ ಅಂಗಡಿ ತೆರೀತೈತಿ," ಎಂದಳು. "ಎರಡು ಬಣ್ಣ ಅದಾವಂತ. ನೀವು ಬರಬ್ಯಾಡ್ರಿ."